ಮಾತ್ರೆಯ ಲೆಕ್ಕ ಅಮ್ಮನ ತಲೆಯಲ್ಲಷ್ಟೇ ಇದ್ದರೆ

ಬೌದ್ಧಿಕ ವೈಕಲ್ಯವೋ ಆಟಿಸಂ, ಸೆರೆಬ್ರಲ್ ಪಾಲ್ಸಿಯೋ ಇರುವ ಮಕ್ಕಳು ಬೆಳೆದು ದೊಡ್ಡವರಾಗಿರುವ ಮನೆಗೆ ಹೋಗಿ, ಅವರು ದಿನಕ್ಕೆ ಯಾವ ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ ಎಂದು ಕೇಳಿ ನೋಡಿ. ಅಪ್ಪ ಅಮ್ಮನ ಮುಖ ನೋಡುತ್ತಾರೆ. ಅಣ್ಣ, ಅಕ್ಕಂದಿರೂ ಅಮ್ಮನ ಮುಖವನ್ನೇ ನೋಡುತ್ತಾರೆ. ಅಮ್ಮ ಮಾತ್ರ ತಡವರಿಸದೆ ಹೇಳುತ್ತಾರೆ: ಬೆಳಿಗ್ಗೆ ಬಿಳೀದು ಒಂದು, ರಾತ್ರಿ ಅದೇ ಬಿಳೀದು ಒಂದೂವರೆ, ಜೊತೆಗೆ ಚಿಕ್ಕದು ಅರ್ಧ. ಮಾತ್ರೆ ನುಂಗುವವರನ್ನು ಯಾರೂ ಕೇಳುವುದಿಲ್ಲ. ಇಪ್ಪತ್ತು ವರ್ಷ ಅದೇ ಮಾತ್ರೆ ನುಂಗಿದ್ದರೂ ಅದರ ಹೆಸರು ಅವರಿಗೆ ಗೊತ್ತಿರುವುದಿಲ್ಲ, ಯಾಕೆ ನುಂಗುತ್ತಿದ್ದೇವೆ ಎಂಬುದೂ ಗೊತ್ತಿರುವುದಿಲ್ಲ. ಅಮ್ಮ ಅಂಗೈ ಚಾಚಿದಾಗ ಬಾಯಿ ತೆರೆಯುವುದಷ್ಟೇ ಅವರ ಪಾಲಿನ ಕೆಲಸ.

ಆ ಅಮ್ಮ ಒಂದು ದಿನ ಬಚ್ಚಲಲ್ಲಿ ಜಾರಿ ಬಿದ್ದು ಆಸ್ಪತ್ರೆ ಸೇರಿದರೆ ಏನಾಗುತ್ತದೆ? ಮನೆಯವರು ಅರೆಬರೆ ಕತ್ತರಿಸಿದ ಸ್ಟ್ರಿಪ್‌ಗಳನ್ನು ಮೇಜಿನ ಮೇಲೆ ಹರವಿಕೊಂಡು ಊಹಿಸಲು ಕೂರುತ್ತಾರೆ. ಎರಡು ಹೊತ್ತಿನ ಮಾತ್ರೆ ತಪ್ಪುತ್ತದೆ. ಮೂರನೆಯ ದಿನ ಮಗನಿಗೆ ಫಿಟ್ಸ್ ಬರುತ್ತದೆ. ಅಮ್ಮ ಒಂದು ವಾರ್ಡಿನಲ್ಲಿ, ಮಗ ಇನ್ನೊಂದು ವಾರ್ಡಿನಲ್ಲಿ. ಇದು ಉದಾಹರಣೆಗಾಗಿ ಕಟ್ಟಿದ ಮಾತು. ಆದರೆ ಇಂಥ ಮಗನೋ ಮಗಳೋ ಇರುವ ತಂದೆತಾಯಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾವು ಹೋದ ಮೇಲೆ ಯಾರು ಎಂಬ ಪ್ರಶ್ನೆಯನ್ನು ಅವರು ದಿನವೂ ಹೊತ್ತುಕೊಂಡೇ ಮಲಗುತ್ತಾರೆ.

ಇವರಿಗೆ ಸ್ವಂತ ಮಾತ್ರೆ ತಾವೇ ತೆಗೆದುಕೊಳ್ಳುವುದನ್ನು ಕಲಿಸುವುದು ಅಪಾಯ ಎಂದು ನಾವು ನಂಬಿಕೊಂಡಿದ್ದೇವೆ. ಕಲಿಸದೇ ಬಿಡುವುದು ಅದಕ್ಕಿಂತ ದೊಡ್ಡ ಅಪಾಯ ಎಂಬುದು ನನ್ನ ಖಚಿತ ಅಭಿಪ್ರಾಯ. ಅಮ್ಮ ಗಟ್ಟಿಮುಟ್ಟಾಗಿರುವಾಗಲೇ, ಅವರ ಕಣ್ಣೆದುರಿನಲ್ಲೇ, ಈ ಪಾಠ ಶುರುವಾಗಬೇಕು.

ಮೊದಲು ಮಾತ್ರೆಗಳ ಸ್ವಭಾವ ತಿಳಿದುಕೊಳ್ಳೋಣ. ಬೌದ್ಧಿಕ ವೈಕಲ್ಯ ಇರುವವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಫಿಟ್ಸ್ ಕೂಡ ಇರುತ್ತದೆ. ವೈಕಲ್ಯ ತೀವ್ರವಾಗಿದ್ದಷ್ಟೂ ಈ ಪ್ರಮಾಣ ಏರುತ್ತದೆ. ಹಾಗಾಗಿ ಇಂಥ ಮನೆಗಳ ಮಾತ್ರೆ ಡಬ್ಬಿಯಲ್ಲಿ ಸೋಡಿಯಂ ವಾಲ್‌ಪ್ರೊಯೇಟ್, ಫೆನಿಟಾಯಿನ್, ಕಾರ್ಬಮಜೆಪಿನ್, ಲೆವೆಟಿರಾಸೆಟಮ್, ಕ್ಲೊಬಜಾಮ್ ಎಂಬ ಹೆಸರುಗಳು ಮತ್ತೆ ಮತ್ತೆ ಕಾಣಿಸುತ್ತವೆ. ಡೌನ್ ಸಿಂಡ್ರೋಮ್ ಇರುವವರಲ್ಲಿ ಥೈರಾಯ್ಡ್ ಕೊರತೆ ಹೆಚ್ಚು, ಅವರಿಗೆ ಬೆಳಗಿನ ಖಾಲಿ ಹೊಟ್ಟೆಯ ಥೈರಾಕ್ಸಿನ್. ಆಟಿಸಂ ಇರುವ ಕೆಲವರಿಗೆ ತೀವ್ರ ಸಿಡಿಮಿಡಿಗೆಂದು ರಿಸ್ಪೆರಿಡೋನ್.

ಇವುಗಳಲ್ಲಿ ಒಂದೊಂದರ ತಪ್ಪಿಗೂ ಒಂದೊಂದು ಬೆಲೆ. ಕ್ಲೊಬಜಾಮ್, ಫಿನೋಬಾರ್ಬಿಟೋನ್ ಥರದ್ದನ್ನು ದಿಢೀರನೆ ನಿಲ್ಲಿಸಿದರೆ ಬಿಟ್ಟೂಬಿಡದ ಫಿಟ್ಸ್ ಬರಬಹುದು. ಫೆನಿಟಾಯಿನ್ ಇನ್ನೂ ಸೂಕ್ಷ್ಮ: ಒಂದು ಮಟ್ಟ ದಾಟಿದ ಮೇಲೆ ದೇಹಕ್ಕೆ ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಸಾಲುವುದಿಲ್ಲ, ಪ್ರಮಾಣ ಸ್ವಲ್ಪ ಏರಿದರೂ ರಕ್ತದಲ್ಲಿ ಅದರ ಮಟ್ಟ ಬಹಳ ಏರುತ್ತದೆ. ಆಗ ನಡಿಗೆ ತೂರಾಡುತ್ತದೆ, ಮಾತು ತೊದಲುತ್ತದೆ, ಕಣ್ಣು ಮಂಜಾಗುತ್ತದೆ. ನಿನ್ನೆ ಮರೆತಿದ್ದಕ್ಕೆ ಇವತ್ತು ಎರಡು ಕೊಟ್ಟೆ ಎನ್ನುವ ಮನೆಲೆಕ್ಕ ಇಲ್ಲಿ ನಡೆಯುವುದಿಲ್ಲ. ಇದೇ ಔಷಧದ ಸಿರಪ್ಪನ್ನು ಬಾಟಲಿ ಚೆನ್ನಾಗಿ ಅಲುಗಾಡಿಸದೆ ಬಗ್ಗಿಸಿದರೆ ಮೇಲಿನ ಭಾಗ ತೆಳು, ತಳದ ಭಾಗ ಗಾಢ. ತಿಂಗಳ ಮೊದಲ ವಾರ ಔಷಧ ಸಾಲದು, ಕೊನೆಯ ವಾರ ಅತಿಯಾದೀತು. ಅಡುಗೆಮನೆಯ ಚಮಚದಲ್ಲಿ ಅಳೆದರೆ ಮನೆಮನೆಗೂ ಅಳತೆ ಬೇರೆ. ಬಾಟಲಿಯ ಜೊತೆ ಬರುವ ಅಳತೆಯ ಮುಚ್ಚಳವನ್ನೇ ಬಳಸಬೇಕು.

ಇಷ್ಟು ಕೇಳಿದ ಮೇಲೆ, ಇಂಥದ್ದನ್ನೆಲ್ಲ ಅವನ ಕೈಗೆ ಹೇಗೆ ಕೊಡುವುದು ಎಂದು ಅಮ್ಮಂದಿರಿಗೆ ಅನಿಸುವುದು ಸಹಜ. ಕೊಡಬೇಕಾದದ್ದು ಎಲ್ಲವನ್ನೂ ಅಲ್ಲ. ಮಾತ್ರೆ ತೆಗೆದುಕೊಳ್ಳುವುದು ಒಂದೇ ಕೆಲಸದಂತೆ ಕಂಡರೂ ಅದರೊಳಗೆ ಹತ್ತಾರು ಸಣ್ಣ ಕೆಲಸಗಳಿವೆ. ಹೊತ್ತಾಯಿತು ಎಂದು ಗುರುತಿಸುವುದು. ಕೈ ತೊಳೆಯುವುದು. ತನ್ನ ಡಬ್ಬಿ ಯಾವುದೆಂದು ತಿಳಿಯುವುದು. ಇವತ್ತಿನ ಖಾನೆ ತೆರೆಯುವುದು. ಲೋಟದಲ್ಲಿ ನೀರು ಹಿಡಿಯುವುದು. ನೆಟ್ಟಗೆ ಕೂತು ನುಂಗುವುದು. ನುಂಗಿಯಾಯಿತು ಎಂದು ಗುರುತು ಹಾಕುವುದು. ಡಬ್ಬಿಯನ್ನು ಜಾಗಕ್ಕೆ ಇಡುವುದು. ಇದಕ್ಕೂ ಮೇಲಿನ ಮಟ್ಟದಲ್ಲಿ ಮಾತ್ರೆ ಮುಗಿಯುತ್ತ ಬಂದಿರುವುದನ್ನು ಗಮನಿಸುವುದು, ಮೆಡಿಕಲ್ ಶಾಪಿಗೆ ಹೋಗಿ ತರುವುದು, ವಾಂತಿಯಾದರೆ ಏನು ಮಾಡಬೇಕೆಂದು ತಿಳಿದಿರುವುದು. ಇವುಗಳಲ್ಲಿ ಎಂಟನ್ನು ಮಾಡಬಲ್ಲವರಿದ್ದಾರೆ, ಎರಡನ್ನು ಮಾಡಬಲ್ಲವರಿದ್ದಾರೆ. ಇವನಿಂದ ಆಗುತ್ತದೋ ಇಲ್ಲವೋ ಎಂದು ಕೇಳಿದರೆ ಉತ್ತರ ಯಾವಾಗಲೂ ಇಲ್ಲ ಎಂದೇ ಬರುತ್ತದೆ. ಇದರಲ್ಲಿ ಯಾವ ತುಂಡು ಇವನಿಂದ ಆಗುತ್ತದೆ, ಯಾವ ತುಂಡಿಗೆ ನಾವು ಜೊತೆಗಿರಬೇಕು ಎಂದು ಕೇಳಿದರೆ ದಾರಿ ಸಿಗುತ್ತದೆ.

ವಿಶೇಷ ಶಿಕ್ಷಕರು ಹಲ್ಲುಜ್ಜುವುದನ್ನೂ ಷರ್ಟಿನ ಗುಂಡಿ ಹಾಕುವುದನ್ನೂ ಕಲಿಸುವುದು ಹೀಗೆ ಬಿಡಿಸಿಯೇ. ಕೆಲವೊಮ್ಮೆ ಅವರು ಕೊನೆಯ ಹಂತದಿಂದ ಶುರುಮಾಡುತ್ತಾರೆ. ಉಳಿದದ್ದನ್ನೆಲ್ಲ ಅಮ್ಮ ಮಾಡಿ, ಕೊನೆಯಲ್ಲಿ ಕ್ಯಾಲೆಂಡರಿನಲ್ಲಿ ಗುರುತು ಹಾಕುವುದನ್ನು ಮಾತ್ರ ಮಗಳಿಗೆ ಬಿಡುತ್ತಾರೆ. ಕೆಲಸ ಮುಗಿಸಿದ ಸಂತೋಷ ಅವಳದ್ದಾಗುತ್ತದೆ. ಅದು ಕೈಗೂಡಿದ ಮೇಲೆ ಅದರ ಹಿಂದಿನ ಹಂತ, ಆಮೇಲೆ ಅದರ ಹಿಂದಿನದು. ವಾರಗಳು ಹಿಡಿಯಬಹುದು, ತಿಂಗಳುಗಳೂ ಹಿಡಿಯಬಹುದು. ಗುರುತು ಹಾಕುವ ವಿಷಯದಲ್ಲಿ ಒಂದು ಕಟ್ಟುನಿಟ್ಟು ಬೇಕು: ನುಂಗಿದ ಮೇಲೆ ಗುರುತು, ಕೈಗೆತ್ತಿಕೊಂಡಾಗ ಅಲ್ಲ. ಈ ವ್ಯತ್ಯಾಸವನ್ನು ಸಡಿಲ ಬಿಟ್ಟರೆ ಕ್ಯಾಲೆಂಡರ್ ಸುಳ್ಳು ಹೇಳಲು ಶುರುಮಾಡುತ್ತದೆ.

ಸುರಕ್ಷತೆಗೆ ನನಗೆ ಅತ್ಯಂತ ಮುಖ್ಯವಾಗಿ ಕಾಣುವ ಸೂತ್ರ ಒಂದಿದೆ. ಕಟ್ಟುಪಾಡು ಹಾಕಬೇಕಾದದ್ದು ಮಾತ್ರೆಯ ಪ್ರಮಾಣಕ್ಕೆ, ಮನುಷ್ಯನಿಗಲ್ಲ. ತಿಂಗಳ ಮಾತ್ರೆ ಬೀರುವಿನಲ್ಲಿ ಬೀಗದೊಳಗಿರಲಿ. ವಾರದ ಡಬ್ಬಿಯನ್ನು ಭಾನುವಾರ ಮನೆಯ ಹಿರಿಯರೊಬ್ಬರು ತುಂಬಲಿ, ತುಂಬುವಾಗ ಮಗನೂ ಪಕ್ಕದಲ್ಲಿ ಕೂತಿರಲಿ. ಅವನ ಕೈಗೆ ಸಿಗುವುದು ಒಂದು ದಿನದ ಮಾತ್ರೆ ಮಾತ್ರ. ಆಗ ಅವನು ಗಾಬರಿಯಲ್ಲೋ ಉತ್ಸಾಹದಲ್ಲೋ ಎಲ್ಲವನ್ನೂ ಒಟ್ಟಿಗೆ ನುಂಗಿದರೂ ಒಂದು ದಿನದ್ದಕ್ಕಿಂತ ಹೆಚ್ಚು ಹೊಟ್ಟೆಗೆ ಹೋಗುವುದಿಲ್ಲ. ಅವನ ಮಟ್ಟಿಗೆ ಒಂದು ದಿನದ್ದೂ ಹೆಚ್ಚಾಗಬಹುದು ಎಂದು ವೈದ್ಯರು ಹೇಳಿದರೆ ಒಂದು ಹೊತ್ತಿನದನ್ನು ಮಾತ್ರ ಹೊರಗಿಡಿ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಈ ಬೀಗ ಅವರಿಗಾಗಿಯೂ ಬೇಕೇ ಬೇಕು.

ವಾರದ ಡಬ್ಬಿಗಳು ಮೆಡಿಕಲ್ ಶಾಪುಗಳಲ್ಲೂ ಆನ್‌ಲೈನಿನಲ್ಲೂ ಸಿಗುತ್ತವೆ. ಖಾನೆಗಳ ಮೇಲೆ ಇಂಗ್ಲಿಷ್ ಅಕ್ಷರಗಳಿದ್ದರೆ ಅವುಗಳ ಮೇಲೆ ಕಾಗದ ಅಂಟಿಸಿ ಸೂರ್ಯ, ಚಂದ್ರ ಬರೆಯಿರಿ. ಓದು ಬರುವವರಿಗೆ ಸೋಮ, ಮಂಗಳ ಎಂದು ಕನ್ನಡದಲ್ಲೇ ಬರೆಯಿರಿ. ಆದರೆ ಎಲ್ಲ ಮಾತ್ರೆಯೂ ಡಬ್ಬಿಗೆ ಹೊಂದುವುದಿಲ್ಲ. ಸೋಡಿಯಂ ವಾಲ್‌ಪ್ರೊಯೇಟ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಸ್ಟ್ರಿಪ್ಪಿನಿಂದ ಬಿಡಿಸಿ ವಾರಗಟ್ಟಲೆ ಇಟ್ಟರೆ, ಅದರಲ್ಲೂ ಆಷಾಢದ ಜಡಿಮಳೆಯಲ್ಲಿ, ಮೆತ್ತಗಾಗಿ ಕೆಡುತ್ತದೆ. ಅಂಥದ್ದನ್ನು ಸ್ಟ್ರಿಪ್ಪಿನ ಒಂದೊಂದು ಗುಳ್ಳೆಯನ್ನು ಫಾಯಿಲ್ ಸಮೇತ ಕತ್ತರಿಸಿ ಖಾನೆಯಲ್ಲಿಡಬೇಕು, ಒಡೆಯುವುದು ನುಂಗುವ ಹೊತ್ತಿಗೆ. ಫಾಯಿಲ್ ಸಮೇತ ನುಂಗದಂತೆ ಅದನ್ನೂ ಕಲಿಸಬೇಕಾಗುತ್ತದೆ. ಕತ್ತರಿಸಿದ ಅಂಚು ಗಂಟಲಿಗೆ ಅಪಾಯ. ಫಾಯಿಲ್ ಬಿಡಿಸುವುದು ಮಗನಿಗೆ ಇನ್ನೂ ಖಚಿತವಿಲ್ಲದಿದ್ದರೆ ಆ ಹಂತ ಸದ್ಯಕ್ಕೆ ಅಮ್ಮನದ್ದೇ ಆಗಿರಲಿ.

ಕತ್ತರಿಯ ಮಾತು ಬಂದಿದ್ದರಿಂದ ಹೇಳಬೇಕು. ನಮ್ಮ ಮೆಡಿಕಲ್ ಶಾಪುಗಳಲ್ಲಿ ಆರು ಮಾತ್ರೆ ಕೊಡಿ ಎಂದರೆ ಸ್ಟ್ರಿಪ್ಪನ್ನು ಕತ್ತರಿಸಿ ಕೊಡುತ್ತಾರೆ, ಔಷಧದ ಹೆಸರೂ ಮುಗಿಯುವ ತಾರೀಖೂ ಇರುವ ಭಾಗ ಅಂಗಡಿಯಲ್ಲೇ ಉಳಿಯುತ್ತದೆ. ಕೈಗೆ ಸಿಕ್ಕ ತುಂಡಿನಲ್ಲಿ ಏನಿದೆ ಎಂದು ಹೇಳಲು ಆಮೇಲೆ ಡಾಕ್ಟರಿಗೂ ಕಷ್ಟ. ದೀರ್ಘಕಾಲದ ಔಷಧವನ್ನು ಯಾವಾಗಲೂ ಇಡೀ ಸ್ಟ್ರಿಪ್ ಕೊಳ್ಳಿ. ಅದು ಆಗದಿದ್ದರೆ ಹೆಸರು, ಪ್ರಮಾಣ, ತಾರೀಖು ಮೂರನ್ನೂ ಕವರಿನ ಮೇಲೆ ಬರೆಸಿಕೊಂಡೇ ಅಂಗಡಿ ಬಿಡಿ.

ಬ್ರ್ಯಾಂಡ್ ಬದಲಾವಣೆ ಇನ್ನೊಂದು ತೊಡಕು. ಓದಲು ಬಾರದ ಹುಡುಗ ತನ್ನ ಮಾತ್ರೆಯನ್ನು ಆಕಾರ, ಬಣ್ಣದಿಂದ ಕಲಿತಿರುತ್ತಾನೆ. ಈ ತಿಂಗಳು ಅಂಗಡಿಯವರು ಸ್ಟಾಕ್ ಇಲ್ಲವೆಂದು ಬೇರೆ ಕಂಪನಿಯದ್ದನ್ನು ಕೊಟ್ಟರೆ, ಅಥವಾ ಮನೆಯವರು ದುಡ್ಡು ಉಳಿಸಲು ಜನೌಷಧಿ ಕೇಂದ್ರಕ್ಕೆ ಹೋದರೆ, ಒಳಗಿನ ಔಷಧ ಅದೇ ಆದರೂ ಅವನ ಪಾಲಿಗೆ ಅದು ಅಪರಿಚಿತ ಮಾತ್ರೆ. ಅವನು ಬೇಡ ಎಂದು ಉಗುಳಿದರೆ ಅದು ಹಟವಲ್ಲ, ಕಲಿತದ್ದನ್ನು ಸರಿಯಾಗಿ ಪಾಲಿಸಿದ ಜಾಣತನ. ಜನೌಷಧಿಗೆ ಹೋಗುವುದು ತಪ್ಪಲ್ಲ, ತಿಂಗಳ ಖರ್ಚಿನಲ್ಲಿ ಅದರಿಂದ ದೊಡ್ಡ ವ್ಯತ್ಯಾಸ ಆಗುತ್ತದೆ. ಆದರೆ ಫಿಟ್ಸ್ ಮಾತ್ರೆಯ ಬ್ರ್ಯಾಂಡ್ ಬದಲಿಸುವ ಮುನ್ನ ವೈದ್ಯರನ್ನು ಕೇಳಬೇಕು, ಒಂದನ್ನು ಹಿಡಿದ ಮೇಲೆ ಆದಷ್ಟೂ ಅದನ್ನೇ ಮುಂದುವರಿಸಬೇಕು. ಬದಲಾದಾಗ ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ಅವನಿಗೆ ತೋರಿಸಬೇಕು. ಹಳೆಯ ಸ್ಟ್ರಿಪ್ಪನ್ನು ಅದೇ ದಿನ ಮನೆಯಿಂದ ಹೊರಹಾಕಬೇಕು. ಎರಡೂ ಡಬ್ಬಿಯಲ್ಲಿ ಉಳಿದರೆ ಎರಡೂ ಹೊಟ್ಟೆಗೆ ಹೋಗುವ ಕಾಲ ಬಂದೇ ಬರುತ್ತದೆ.

ಗಡಿಯಾರ ನೋಡಲು ಬಾರದು ಎಂಬುದು ಕಲಿಸದಿರಲು ಕಾರಣವಾಗಬೇಕಿಲ್ಲ. ಇವರಲ್ಲಿ ಅನೇಕರಿಗೆ ದಿನಚರಿ ನಮಗಿಂತ ಗಟ್ಟಿಯಾಗಿ ನೆನಪಿರುತ್ತದೆ. ರಾತ್ರಿಯ ಮಾತ್ರೆಯನ್ನು ಎಂಟು ಗಂಟೆಗೆ ಎಂದು ಕಟ್ಟುವ ಬದಲು ಊಟದ ತಟ್ಟೆ ತೊಳೆಯಲು ಇಟ್ಟ ಮೇಲೆ ಎಂದು ಕಟ್ಟಿದರೆ ಅದು ಉಳಿಯುತ್ತದೆ. ಥೈರಾಯ್ಡ್ ಮಾತ್ರೆಯನ್ನು ಮುಖ ತೊಳೆದ ಕೂಡಲೇ ಎಂದು ಕಟ್ಟಬೇಕು. ನಮ್ಮೂರಿನಲ್ಲಿ ಕಣ್ಣು ಬಿಟ್ಟ ಕೂಡಲೇ ಫಿಲ್ಟರ್ ಕಾಫಿ ಬೇಕು, ಆದರೆ ಕಾಫಿ ಈ ಮಾತ್ರೆ ರಕ್ತಕ್ಕೆ ಸೇರುವುದನ್ನು ತಗ್ಗಿಸುತ್ತದೆ. ಮಾತ್ರೆ ನೀರಿನ ಜೊತೆ ಮೊದಲು, ಕಾಫಿ ತಿಂಡಿ ಕನಿಷ್ಠ ಅರ್ಧ ಗಂಟೆಯ ಮೇಲೆ. ಮೊಬೈಲ್ ಇದ್ದರೆ ಅಲಾರಂ ಸದ್ದಿನ ಬದಲು ಅಮ್ಮನದೋ ಅಕ್ಕನದೋ ದನಿಯಲ್ಲೇ ರೆಕಾರ್ಡ್ ಮಾಡಿಡಬಹುದು: ಮಾತ್ರೆ ಹೊತ್ತಾಯ್ತು ಕಂದ, ಡಬ್ಬಿ ತಗೋ.

ನುಂಗುವ ವಿಷಯಕ್ಕೆ ಬಂದರೆ, ಅಡುಗೆಮನೆಯಲ್ಲಿ ಕಲ್ಲಿನಿಂದ ಮಾತ್ರೆ ಅರೆದು ಬಾಳೆಹಣ್ಣಿನಲ್ಲಿ ಹುದುಗಿಸುವುದೋ ಮೊಸರನ್ನದಲ್ಲಿ ಕಲಸುವುದೋ ಎಷ್ಟೋ ಮನೆಗಳಲ್ಲಿ ರೂಢಿ. ಹೆಸರಿನ ಮುಂದೆ ಕ್ರೋನೋ, ಎಸ್‌ಆರ್, ಸಿಆರ್, ಎಕ್ಸ್‌ಆರ್ ಎಂದಿರುವ ಮಾತ್ರೆಗಳನ್ನು ಎಂದೂ ಪುಡಿ ಮಾಡಬಾರದು. ಅವು ಹನ್ನೆರಡು, ಇಪ್ಪತ್ತನಾಲ್ಕು ಗಂಟೆ ನಿಧಾನವಾಗಿ ಕರಗುವಂತೆ ಮಾಡಿದವು. ಅರೆದರೆ ಇಡೀ ದಿನದ ಔಷಧ ಒಂದೇ ಸಲ ರಕ್ತಕ್ಕೆ ನುಗ್ಗುತ್ತದೆ. ನುಂಗಲು ಕಷ್ಟ ಎಂದು ವೈದ್ಯರಿಗೆ ಹೇಳಿದರೆ ಸಿರಪ್ಪೋ ನೀರಿನಲ್ಲಿ ಕರಗುವ ಮಾತ್ರೆಯೋ ಇದೆಯೇ ಎಂದು ಅವರು ನೋಡುತ್ತಾರೆ. ಹೇಳುವುದೇ ಇಲ್ಲ, ಅದೇ ತೊಂದರೆ.

ಸೆರೆಬ್ರಲ್ ಪಾಲ್ಸಿ ಇರುವವರಲ್ಲಿ ನುಂಗುವ ಸ್ನಾಯುಗಳೇ ಹದ ತಪ್ಪಿರಬಹುದು. ಮಾತ್ರೆಯಾಗಲಿ ನೀರಾಗಲಿ ಶ್ವಾಸನಾಳಕ್ಕೆ ಇಳಿದರೆ ಕೆಮ್ಮು, ಮತ್ತೆ ಮತ್ತೆ ನ್ಯುಮೋನಿಯಾ. ನಮ್ಮ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ, 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯನ್ನು ನಾವು ಮಾತು, ಕಿವಿಗೆ ಸಂಬಂಧಿಸಿದ್ದು ಎಂದಷ್ಟೇ ತಿಳಿದಿದ್ದೇವೆ. ಅಲ್ಲಿನ ವಾಕ್ ತಜ್ಞರು ನುಂಗುವ ತೊಂದರೆಯನ್ನೂ ಪರೀಕ್ಷಿಸುತ್ತಾರೆ. ಹೇಗೆ ಕೂರಬೇಕು, ಗದ್ದ ಎಷ್ಟು ಬಗ್ಗಿಸಬೇಕು, ಎಷ್ಟು ನೀರು ಎಂಬುದನ್ನು ಆಯಾ ವ್ಯಕ್ತಿಗೆ ತಕ್ಕಂತೆ ಹೇಳಿಕೊಡುತ್ತಾರೆ. ಹೊರರಾಜ್ಯಗಳಿಂದ ಜನ ರೈಲು ಹತ್ತಿ ಈ ಸಂಸ್ಥೆಗೆ ಬರುತ್ತಾರೆ. ಸಿಟಿ ಬಸ್ಸಿನಲ್ಲಿ ಹೋಗಬಹುದಾದ ನಾವು ಮಲಗಿದ ಮಗುವಿನ ಮೂಗು ಹಿಡಿದು ಔಷಧ ಸುರಿಯುತ್ತ ಇರಬಾರದು.

ಮಾತ್ರೆಯನ್ನು ಮಿಠಾಯಿ ಎಂದು ಹೇಳಿ ಕೊಡುವುದನ್ನು ಇವತ್ತೇ ನಿಲ್ಲಿಸಿ. ಮಿಠಾಯಿ ಎಂದು ನಂಬಿದವನು ಒಂದು ದಿನ ಇನ್ನೂ ನಾಲ್ಕು ಬೇಕು ಎನ್ನುತ್ತಾನೆ, ಅಜ್ಜಿಯ ಸಕ್ಕರೆ ಕಾಯಿಲೆಯ ಮಾತ್ರೆಯನ್ನೂ ಮಿಠಾಯಿ ಎಂದೇ ತಿನ್ನುತ್ತಾನೆ. ಇದು ಮಾತ್ರೆ, ಇದು ನಿನ್ನದು, ಇದು ಫಿಟ್ಸ್ ಬರದ ಹಾಗೆ ತಡೆಯುತ್ತದೆ: ಈ ಮೂರು ವಾಕ್ಯಗಳನ್ನು ದಿನವೂ ಹೇಳುತ್ತ ಬಂದರೆ ಬಹಳ ಮಂದಿ ಹಿಡಿದುಕೊಳ್ಳುತ್ತಾರೆ. ಕದ್ದು ಊಟದಲ್ಲಿ ಬೆರೆಸುವುದೂ ಹಾಗೆಯೇ. ಒಮ್ಮೆ ಗೊತ್ತಾದರೆ ಮಗ ಮಾತ್ರೆಯ ಜೊತೆ ಊಟವನ್ನೂ ನಂಬುವುದಿಲ್ಲ.

ಬೇಡ ಎನ್ನುವುದಕ್ಕೆ ಕಾರಣ ಇರುತ್ತದೆ. ಕಹಿಯಾಗಿರಬಹುದು, ನುಂಗಿದ ಮೇಲೆ ಹೊಟ್ಟೆ ತೊಳೆಸುತ್ತಿರಬಹುದು, ಮಂಪರಿನಲ್ಲಿ ಮಧ್ಯಾಹ್ನವೆಲ್ಲ ಕಳೆದುಹೋಗುವುದು ಅವನಿಗೆ ಇಷ್ಟವಿಲ್ಲದಿರಬಹುದು. ವಾಲ್‌ಪ್ರೊಯೇಟ್, ರಿಸ್ಪೆರಿಡೋನ್ ತೂಕ ಏರಿಸುತ್ತವೆ. ಫೆನಿಟಾಯಿನ್ ವರ್ಷಗಟ್ಟಲೆ ತೆಗೆದುಕೊಂಡರೆ ಒಸಡು ಊದಬಹುದು. ನಾವಾದರೆ ಡಾಕ್ಟರ್ ಮುಂದೆ ಹೇಳಿಕೊಳ್ಳುತ್ತೇವೆ. ಮಾತು ಬಾರದವರು ತಟ್ಟೆ ತಳ್ಳುತ್ತಾರೆ, ತಲೆ ಹಿಡಿದುಕೊಳ್ಳುತ್ತಾರೆ, ಕೂಗುತ್ತಾರೆ. ಹಾಗಾಗಿ ಮಾತ್ರೆ ನುಂಗುವುದನ್ನು ಕಲಿಸುವ ಮನೆಯಲ್ಲಿ ತಲೆಸುತ್ತು, ಹೊಟ್ಟೆನೋವು, ನಿದ್ದೆ, ಬೇಡ ಎಂಬುದನ್ನು ತಿಳಿಸುವ ಚಿತ್ರದ ಕಾರ್ಡುಗಳೂ ಇರಬೇಕು. ನನ್ನ ಮಟ್ಟಿಗೆ ಇದು ಡಬ್ಬಿಗಿಂತ ದೊಡ್ಡ ಸುರಕ್ಷತೆ.

ಇಲ್ಲಿ ಒಂದು ಕಹಿ ಸಂಗತಿಯನ್ನೂ ಎದುರಿಸಬೇಕು. ನಡವಳಿಕೆ ಕಷ್ಟವಾದಾಗ ಮಾನಸಿಕ ಕಾಯಿಲೆಗೆ ಕೊಡುವ ಮಾತ್ರೆಗಳನ್ನು ಕೊಟ್ಟು ಸುಮ್ಮನಾಗಿಸುವುದು ಜಗತ್ತಿನ ಎಲ್ಲೆಡೆ ನಡೆದಿದೆ. ಇಂಗ್ಲೆಂಡಿನಲ್ಲಿ ಯಾವುದೇ ಒಂದು ದಿನ ಕಲಿಕಾ ವೈಕಲ್ಯವಿರುವ 30,000ದಿಂದ 35,000 ವಯಸ್ಕರು ಅಂಥ ಮಾತ್ರೆ ನುಂಗುತ್ತಿದ್ದಾರೆ, ಅದು ಯಾವ ಕಾಯಿಲೆಗೆ ಇರುವುದೋ ಆ ಕಾಯಿಲೆ ಅವರಿಗೆ ಇಲ್ಲ ಎಂದು 2015ರಲ್ಲಿ ಅಲ್ಲಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ಅಂದಾಜು ಮಾಡಿತು. ಮರುವರ್ಷ ಅಂಥ ಅತಿ ಔಷಧ ತಗ್ಗಿಸಲು ಸ್ಟಾಂಪ್ ಎಂಬ ಅಭಿಯಾನ ಶುರುವಾಯಿತು. ನಮ್ಮಲ್ಲೂ ಪ್ರತಿ ಭೇಟಿಯಲ್ಲಿ ಕೇಳಬೇಕು: ಈ ಮಾತ್ರೆ ಯಾಕೆ, ಇನ್ನೂ ಬೇಕೇ, ಕಡಿಮೆ ಮಾಡಬಹುದೇ? ಸಿಟ್ಟಿನ ಹಿಂದೆ ಹಲ್ಲುನೋವೋ ಮಲಬದ್ಧತೆಯೋ ಕಿವಿಯ ಸೋಂಕೋ ಅಡಗಿದೆಯೇ ಎಂದು ಮೊದಲು ನೋಡಿಸಬೇಕು. ಹರೆಯದ ಹೆಣ್ಣುಮಕ್ಕಳಿಗೆ ವಾಲ್‌ಪ್ರೊಯೇಟ್ ಇದ್ದರೆ, ಗರ್ಭದಲ್ಲಿರುವ ಮಗುವಿಗೆ ಅದರಿಂದ ಗಂಭೀರ ತೊಂದರೆ ಆಗುತ್ತದೆ ಎಂಬುದನ್ನು ಮದುವೆಯ ಮಾತೆತ್ತುವ ಮೊದಲೇ ವೈದ್ಯರೊಂದಿಗೆ ಚರ್ಚಿಸಬೇಕು, ಆ ಚರ್ಚೆಯಲ್ಲಿ ಮಗಳೂ ಇರಬೇಕು. ಏನೇ ಆದರೂ ನೀವಾಗಿಯೇ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ.

ದಿನಚರಿ ತಪ್ಪುವ ದಿನಗಳಲ್ಲಿ ವಿಶೇಷ ಎಚ್ಚರ ಬೇಕು. ಮೈಸೂರಿನವರಿಗೆ ಅದು ದಸರಾ. ಮನೆ ತುಂಬ ನೆಂಟರು, ಮಧ್ಯಾಹ್ನ ಜಂಬೂಸವಾರಿ, ಸಂಜೆ ಬನ್ನಿಮಂಟಪದಲ್ಲಿ ಪಂಜಿನ ಕವಾಯತು, ಮನೆ ಸೇರುವಾಗ ಸರಿರಾತ್ರಿ. ರಾತ್ರಿಯ ಮಾತ್ರೆ ತಪ್ಪುತ್ತದೆ, ಜೊತೆಗೆ ನಿದ್ದೆಯೂ ಕೆಡುತ್ತದೆ. ಫಿಟ್ಸ್ ಬರಲು ಇವೆರಡೇ ಸಾಕು. ಹೊರಡುವಾಗ ಆ ಹೊತ್ತಿನ ಮಾತ್ರೆಯನ್ನು ಪುಟ್ಟ ಡಬ್ಬಿಯಲ್ಲಿ ಅವನ ಜೇಬಿನಲ್ಲೇ ಇಡಿ, ನೀರಿನ ಬಾಟಲಿ ಜೊತೆಗಿರಲಿ. ಶಿವರಾತ್ರಿಯ ಜಾಗರಣೆ, ರಂಜಾನಿನ ಉಪವಾಸಕ್ಕೂ ಇದೇ ಮಾತು: ಹೊತ್ತು ಬದಲಿಸುವುದಿದ್ದರೆ ಮುಂಚೆಯೇ ವೈದ್ಯರನ್ನು ಕೇಳಿ. ಮರೆತ ಮಾತ್ರೆಯನ್ನು ಎಷ್ಟು ಹೊತ್ತಿನೊಳಗೆ ಕೊಡಬಹುದು, ನುಂಗಿದ ಎಷ್ಟು ಹೊತ್ತಿನೊಳಗೆ ವಾಂತಿಯಾದರೆ ಮತ್ತೆ ಕೊಡಬೇಕು ಎಂಬುದೂ ಔಷಧದಿಂದ ಔಷಧಕ್ಕೆ ಬೇರೆ, ಕೇಳಿ ಬರೆದಿಡಿ. ಫಿಟ್ಸ್ ಐದು ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಬೇಕು. ಮೂಗಿಗೆ ಸಿಂಪಡಿಸುವ ಮಿಡಜೋಲಮ್ ಸ್ಪ್ರೇಯನ್ನು ವೈದ್ಯರು ಬರೆದುಕೊಟ್ಟಿದ್ದರೆ ಅದರ ಬಳಕೆ ಮನೆಯ ಕನಿಷ್ಠ ಇಬ್ಬರಿಗೆ ಗೊತ್ತಿರಬೇಕು. ಕೈಗೆ ಬೀಗದ ಕೈ ಹಿಡಿಸುವುದರಿಂದ ಪ್ರಯೋಜನವಿಲ್ಲ. ಬಾಯಿಗೆ ಏನನ್ನೂ ತುರುಕಬಾರದು.

ಇದೆಲ್ಲ ತಂದೆತಾಯಿಯ ಹೆಗಲ ಮೇಲೆ ಮಾತ್ರ ಬೀಳಬೇಕಾದ ಭಾರವಲ್ಲ. ಈ ಊರು ಔಷಧ ಶಿಕ್ಷಣಕ್ಕೆ ಹೆಸರಾದದ್ದು. ಜೆಎಸ್‌ಎಸ್ ಫಾರ್ಮಸಿ ಕಾಲೇಜು 1973ರಿಂದ ಇಲ್ಲಿದೆ. 2008ರಲ್ಲಿ ದೇಶಕ್ಕೆ ಬಂದ ಫಾರ್ಮ್.ಡಿ. ಕೋರ್ಸಿನ ವಿದ್ಯಾರ್ಥಿಗಳು ವಾರ್ಡುಗಳಲ್ಲಿ ರೋಗಿಗಳಿಗೆ ಔಷಧದ ವಿವರ ಹೇಳುವುದನ್ನೇ ಕಲಿಯುತ್ತಾರೆ. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಾವಳಿ ಔಷಧ ಕೊಡುವಾಗ ರೋಗಿಗೆ ತಿಳಿಹೇಳುವುದನ್ನು ಫಾರ್ಮಸಿಸ್ಟರ ಕರ್ತವ್ಯ ಎನ್ನುತ್ತದೆ. ಸಯ್ಯಾಜಿರಾವ್ ರಸ್ತೆಯ ಅಂಗಡಿಯಲ್ಲಿ ಜನ ನುಗ್ಗಾಡುವ ಸಂಜೆ ಅದು ಆಗಲಾರದು, ನಿಜ. ಆದರೆ ತಿಂಗಳಿಗೊಮ್ಮೆ, ಬೆಳಿಗ್ಗೆ ಹನ್ನೊಂದರ ಬಿಡುವಿನ ಹೊತ್ತಿನಲ್ಲಿ ಒಂದೇ ಅಂಗಡಿಗೆ ಹೋಗುವುದನ್ನು ರೂಢಿ ಮಾಡಿಕೊಂಡರೆ ಆ ಫಾರ್ಮಸಿಸ್ಟಿಗೆ ನಿಮ್ಮ ಮಗಳ ಪರಿಚಯವಾಗುತ್ತದೆ. ಕೆ.ಆರ್. ಆಸ್ಪತ್ರೆಯ ಫಿಟ್ಸ್ ಮಾತ್ರೆ, ಬಡಾವಣೆಯ ಕ್ಲಿನಿಕ್ಕಿನ ಥೈರಾಯ್ಡ್ ಮಾತ್ರೆ, ನೆಗಡಿಗೆ ಕೇಳಿ ತಂದ ಸಿರಪ್, ಯಾರೋ ಹೇಳಿದ ಲೇಹ್ಯ ಎಲ್ಲವೂ ಒಂದೇ ಪಟ್ಟಿಯಲ್ಲಿ ಅವರ ಕಣ್ಣಿಗೆ ಬೀಳುತ್ತವೆ. ಮಂಪರು ತರುವ ನೆಗಡಿ ಸಿರಪ್ ಈಗಿರುವ ಮಂಪರಿಗೆ ಸೇರುತ್ತದೆ ಎಂದು ಎಚ್ಚರಿಸುವವರು ಬೇಕಲ್ಲವೇ?

ಖರ್ಚಿನ ಬಗ್ಗೆ ಒಂದು ಮಾತು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಬಹುವಿಧ ವೈಕಲ್ಯ ಇರುವವರಿಗೆ ನ್ಯಾಷನಲ್ ಟ್ರಸ್ಟಿನ ನಿರಾಮಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ, ಹೊರರೋಗಿ ಚಿಕಿತ್ಸೆಯ ಔಷಧಕ್ಕೂ ಅದರಲ್ಲಿ ಪಾಲಿದೆ. ಔಷಧದಿಂದ ಅಡ್ಡಪರಿಣಾಮ ಆಗಿದೆ ಎನಿಸಿದರೆ ಸಾಮಾನ್ಯ ಜನರೂ 1800 180 3024ಕ್ಕೆ ಉಚಿತವಾಗಿ ಕರೆ ಮಾಡಿ ವರದಿ ಮಾಡಬಹುದು.

ಕಾನೂನು ಎಲ್ಲಿ ನಿಂತಿದೆ ಎಂಬುದನ್ನೂ ತಂದೆತಾಯಿ ತಿಳಿದಿರಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ವಿಕಲಚೇತನರಿಗೆ ಎಲ್ಲರಂತೆ ಕಾನೂನಿನ ಸಮಾನ ಸ್ಥಾನ ಇದೆ ಎನ್ನುತ್ತದೆ. ಅದು ಹೇಳುವ ಸೀಮಿತ ಪೋಷಕತ್ವವೂ ಪೋಷಕರು ಒಬ್ಬರೇ ತೀರ್ಮಾನಿಸುವುದಲ್ಲ. ಪೋಷಕರೂ ವೈಕಲ್ಯವಿರುವ ವ್ಯಕ್ತಿಯೂ ನಂಬಿಕೆಯಿಂದ ಕೂಡಿ ತೀರ್ಮಾನಿಸುವುದು, ಅದೂ ಆ ವ್ಯಕ್ತಿಯ ಇಚ್ಛೆಗೆ ಅನುಗುಣವಾಗಿ. ಇಂಗ್ಲೆಂಡಿನ ಆರೈಕೆ ಮನೆಗಳಿಗೆ 2014ರಲ್ಲಿ ಬಂದ ರಾಷ್ಟ್ರೀಯ ಮಾರ್ಗಸೂಚಿ ಇನ್ನೂ ನೇರ: ಅಪಾಯದ ಪರಿಶೀಲನೆ ಬೇರೆ ಏನನ್ನಾದರೂ ತೋರಿಸದ ಹೊರತು, ಅಲ್ಲಿರುವವರು ತಮ್ಮ ಔಷಧವನ್ನು ತಾವೇ ನೋಡಿಕೊಳ್ಳಬಲ್ಲರು ಎಂದೇ ಸಿಬ್ಬಂದಿ ಭಾವಿಸಬೇಕು. ನಮ್ಮ ಮನೆಗಳಲ್ಲಿ ಈಗ ಇರುವುದು ಇದಕ್ಕೆ ತದ್ವಿರುದ್ಧ ಭಾವನೆ.

ತೀವ್ರ ವೈಕಲ್ಯದಿಂದ ಲೋಟ ಹಿಡಿಯಲೂ ಆಗದ ಮಕ್ಕಳ ತಾಯಂದಿರು ಇದನ್ನು ಓದಿ ನೊಂದುಕೊಳ್ಳಬಾರದು. ಮಾತ್ರೆ ಕೊಡುವ ಮೊದಲು ಅದನ್ನು ತೋರಿಸುವುದು, ಹೆಸರು ಹೇಳುವುದು, ಅವಳು ಬಾಯಿ ತೆರೆಯುವವರೆಗೆ ಕಾಯುವುದು, ಇದೂ ಪಾಲ್ಗೊಳ್ಳುವಿಕೆಯೇ. ಅಂಥ ಮನೆಗಳಿಗೆ ಹೆಚ್ಚು ಬೇಕಾದದ್ದು ಎರಡನೆಯ ಜೊತೆ ಕೈಗಳು. ತಿಂಗಳಲ್ಲಿ ಒಂದು ಭಾನುವಾರ ಅಮ್ಮ ಪೂರ್ತಿ ಪಕ್ಕಕ್ಕೆ ಸರಿದು ಅಪ್ಪನೋ ಚಿಕ್ಕಮ್ಮನೋ ಮಾತ್ರೆಯ ಇಡೀ ಕೆಲಸ ಮಾಡಲಿ. ಎಲ್ಲಿ ತಡವರಿಸುತ್ತಾರೋ ಅದನ್ನು ಪಟ್ಟಿಗೆ ಸೇರಿಸಿ. ಆ ಪಟ್ಟಿಯ ಒಂದು ಪ್ರತಿ ಅಡುಗೆಮನೆಯ ಗೋಡೆಯ ಮೇಲೆ, ಒಂದು ಎಲ್ಲರ ಮೊಬೈಲಿನಲ್ಲಿ, ಒಂದು ಮಗನ ಶಾಲೆಯಲ್ಲೋ ಕಾರ್ಯಾಗಾರದಲ್ಲೋ ಇರಲಿ.

ವೈದ್ಯರಲ್ಲಿ ಒಂದು ವಿನಂತಿ: 1-0-1 ಎಂದು ಬರೆಯುವ ಪಕ್ಕದಲ್ಲಿ ಒಂದು ಸೂರ್ಯ, ಒಂದು ಚಂದ್ರ ಬರೆಯಿರಿ, ಯಾಕೆ ಈ ಮಾತ್ರೆ ಎಂಬುದನ್ನು ಕನ್ನಡದಲ್ಲಿ ಒಂದು ಸಾಲು ಬರೆಯಿರಿ, ಅಮ್ಮನ ಜೊತೆ ಮಾತಾಡಿದ ಮೇಲೆ ಮಗನ ಕಡೆಗೂ ತಿರುಗಿ ಒಂದು ಮಾತು ಹೇಳಿ. ತಂದೆತಾಯಿಯರಲ್ಲಿ ಇನ್ನೊಂದು: ಮುಂದಿನ ಸಲ ಮಾತ್ರೆ ತರಲು ಹೋಗುವಾಗ ಮಗನನ್ನೋ ಮಗಳನ್ನೋ ಜೊತೆಗೆ ಕರೆದುಕೊಂಡು ಹೋಗಿ, ಚೀಟಿಯನ್ನು ಕೌಂಟರಿನಲ್ಲಿ ಕೊಡುವ ಕೆಲಸ ಅವರೇ ಮಾಡಲಿ.